ಇಲಿಗೂ ಒಂದು ಎಲೆ ಹಾಕಿ

ಕುರುಬರಹಳ್ಳಿಯ ಯಾವುದಾದರೂ ದಿನಸಿ ಅಂಗಡಿಗೆ ಹೋಗಿ ‘ಇಲಿಗೆ ಏನಾದರೂ ಕೊಡಿ’ ಅಂತ ಕೇಳಿ ನೋಡಿ. ಅಂಗಡಿಯವರು ಮರುಮಾತಿಲ್ಲದೆ ಮುಂದಿಡುವುದು ಮೂರರಲ್ಲಿ ಒಂದು: ಪಾಷಾಣದ ಬಿಲ್ಲೆ, ಅಂಟಿನ ಹಲಗೆ, ಇಲ್ಲವೇ ತಂತಿಯ ಬೋನು. ‘ಸಾಯೋದಕ್ಕಲ್ಲ ಅಣ್ಣಾ, ತಿನ್ನೋದಕ್ಕೆ’ ಅಂದರೆ ಒಂದು ಕ್ಷಣ ನಿಮ್ಮ ಮುಖ ನೋಡುತ್ತಾರೆ. ಆಮೇಲೆ ಬಿಸ್ಕತ್ತಿನ ಪೊಟ್ಟಣ ಎತ್ತಿಕೊಡುತ್ತಾರೆ.

ಅವರ ತಪ್ಪೇನಿಲ್ಲ. ರಾಜಕಾಲುವೆಯ ಮಗ್ಗುಲಲ್ಲೇ ಬೆಳೆದ ಬಡಾವಣೆ ಇದು. 2017ರ ಅಕ್ಟೋಬರ್ 13ರ ಮಳೆಗೆ ಕಾಲುವೆ ಉಕ್ಕಿ ಜನ ಕೊಚ್ಚಿಹೋದದ್ದನ್ನು ಇಲ್ಲಿನವರು ಮರೆತಿಲ್ಲ. ನೀರು ಏರಿದಾಗಲೆಲ್ಲ ಹೆಗ್ಗಣಗಳು ಮನೆಗಳ ಕಡೆ ಹೊರಡುತ್ತವೆ. ಅದಕ್ಕೂ ಹಿಂದಿನ ನೆನಪು ಈ ಊರಿಗೆ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ‘ಮನೆಯಲ್ಲಿ ಇಲಿ ಬಿತ್ತು’ ಅಂದರೆ ಗಂಟುಮೂಟೆ ಕಟ್ಟುವ ಹೊತ್ತು ಬಂತು ಅಂತಲೇ ಅರ್ಥ. ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡದ್ದರ ಹಿಂದೆ ಆ ಭಯವೂ ಇತ್ತು. ಇಂಥ ಊರಿನಲ್ಲಿ ದುಡ್ಡು ಕೊಟ್ಟು ಇಲಿ ತಂದು, ಅದಕ್ಕೊಂದು ಹೆಸರಿಟ್ಟು, ಸಂಜೆ ಊಟಕ್ಕೆ ಏನು ಹಾಕಲಿ ಅಂತ ಯೋಚಿಸುವವರನ್ನು ಕಂಡರೆ ನಗು ಬರುವುದು ಸಹಜ.

ಹಾಗೆ ಯೋಚಿಸುವವರು ಇದ್ದಾರೆ. ಪೈಪ್‌ಲೈನ್ ರಸ್ತೆಯಿಂದ ಒಳಕ್ಕೆ ಹೋಗುವ ಒಂದು ಕ್ರಾಸ್‌ನಲ್ಲಿ, ಮೂರನೇ ಮಹಡಿಯ ಬಾಡಿಗೆ ಮನೆಯೊಂದರಲ್ಲಿ ಎರಡು ಹೆಣ್ಣಿಲಿಗಳಿವೆ. ಬಿಳಿ ಮೈ, ಕಪ್ಪು ತಲೆ, ಬೆನ್ನ ಮೇಲೆ ಎಳೆದಂತೆ ಒಂದು ಕಪ್ಪು ಪಟ್ಟೆ. ಒಂದರ ಹೆಸರು ಎಳ್ಳು, ಇನ್ನೊಂದು ರವೆ. ಸಾಕಿರುವವಳು ಡಿಗ್ರಿ ಓದುವ ಹುಡುಗಿ. ಮೊದಮೊದಲು ಅವಳು ಹಾಕುತ್ತಿದ್ದದ್ದು ಎಲ್ಲರೂ ಹಾಕುವುದನ್ನೇ: ಬಿಸ್ಕತ್ತು, ಮಿಕ್ಕಿದ ಅನ್ನ, ಬ್ರೆಡ್ಡಿನ ಅಂಚು, ಭಾನುವಾರ ಕೇಕಿನ ತುಂಡು. ಕೆಲವೇ ತಿಂಗಳಲ್ಲಿ ರವೆ ದುಂಡಗಾಯಿತು, ಕೂದಲು ಒರಟಾಯಿತು, ಕೈ ಮೇಲೆ ಹತ್ತುವುದಕ್ಕೇ ಬೇಸರ. ‘ಇಲಿ ಅಲ್ವಾ, ಏನು ಹಾಕಿದರೂ ತಿನ್ನತ್ತೆ ಬಿಡು’ ಅನ್ನುತ್ತಿದ್ದವರು ಅವಳ ಅಜ್ಜಿ.

ಏನು ಹಾಕಿದರೂ ತಿನ್ನುತ್ತದೆ ಅನ್ನುವುದು ನಿಜ. ಏನು ಹಾಕಿದರೂ ಸಾಕು ಅನ್ನುವುದು ಸುಳ್ಳು. ಜಗತ್ತಿನಲ್ಲಿ ಇಲಿಯ ಊಟವನ್ನು ಅಳೆದು ತೂಗಿದಷ್ಟು ಬೇರೆ ಪ್ರಾಣಿಯ ಊಟವನ್ನು ಅಳೆದದ್ದು ಅಪರೂಪ. ನಮ್ಮ ಮಕ್ಕಳಿಗೆ ಏನು ಉಣಿಸಬೇಕು ಅನ್ನುವುದನ್ನೇ ನಾವು ಇಲಿಯಿಂದ ಕಲಿತದ್ದು. ಅಷ್ಟೆಲ್ಲ ಗೊತ್ತಿದ್ದೂ ಮನೆಗೆ ತಂದ ಇಲಿಗೆ ಎಂಜಲು ಹಾಕುತ್ತೇವಲ್ಲ, ನನ್ನ ತಕರಾರು ಅದರ ಮೇಲೆ.

ಆರು ಡಾಲರಿನ ಇಲಿಗಳು

1908ರ ಮಾತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಲ್ಮರ್ ಮೆಕಾಲಮ್ ಎಂಬ ಯುವ ರಸಾಯನಶಾಸ್ತ್ರಜ್ಞ ದನಗಳ ಮೇವಿನ ಪ್ರಯೋಗದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ದನ ದೊಡ್ಡದು, ತಿನ್ನುವುದು ಹೆಚ್ಚು, ಫಲಿತಾಂಶ ಬರಲು ವರ್ಷಗಟ್ಟಲೆ ಬೇಕು. ಚಿಕ್ಕ ಪ್ರಾಣಿಯಾದರೆ ಕೆಲಸ ಬೇಗ ಮುಗಿದೀತು ಅಂತ ಕೊಟ್ಟಿಗೆಯ ಇಲಿಗಳನ್ನು ಹಿಡಿದರು. ಅವು ಕಚ್ಚುವುದು ಬಿಟ್ಟು ಬೇರೇನೂ ಮಾಡಲಿಲ್ಲ. ಕೊನೆಗೆ ಷಿಕಾಗೋದ ಸಾಕುಪ್ರಾಣಿ ವ್ಯಾಪಾರಿಯೊಬ್ಬನಿಂದ ಸ್ವಂತ ದುಡ್ಡಿನಲ್ಲಿ, ಆರು ಡಾಲರಿಗೆ, ಒಂದು ಡಜನ್ ಬಿಳಿ ಇಲಿ ಕೊಂಡರು. ರೈತರ ಶತ್ರುವಿಗೆ ಸರ್ಕಾರದ ದುಡ್ಡಿನಲ್ಲಿ ಊಟವೇ ಅನ್ನುವ ಗೊಣಗಾಟವೂ ಇತ್ತು. 1913ರಲ್ಲಿ ಅವರೂ ಅವರ ಜತೆಗಾರ್ತಿ ಮಾರ್ಗರೀಟ್ ಡೇವಿಸ್ ಅವರೂ ಬೆಣ್ಣೆಯ, ಮೊಟ್ಟೆಯ ಜಿಡ್ಡಿನಲ್ಲಿ ಇಲಿಯ ಬೆಳವಣಿಗೆಗೆ ಬೇಕಾದ ಒಂದು ಅಂಶವಿದೆ ಅಂತ ತೋರಿಸಿಕೊಟ್ಟರು. ನಾವು ಇವತ್ತು ವಿಟಮಿನ್ ಎ ಅನ್ನುವುದು ಅದನ್ನೇ. ಇದಕ್ಕೆ ಒಂದು ವರ್ಷ ಮೊದಲು ಇಂಗ್ಲೆಂಡಿನ ವಿಜ್ಞಾನಿ ಹಾಪ್‌ಕಿನ್ಸ್, ಶುದ್ಧೀಕರಿಸಿದ ಪ್ರೋಟೀನ್, ಪಿಷ್ಟ, ಸಕ್ಕರೆ, ಕೊಬ್ಬು, ಲವಣ ಎಲ್ಲ ಕೊಟ್ಟರೂ ಸೊರಗುತ್ತಿದ್ದ ಇಲಿಮರಿಗಳು ದಿನಕ್ಕೆ ಸ್ವಲ್ಪವೇ ಹಾಲು ಸೇರಿಸಿದೊಡನೆ ಬೆಳೆಯತೊಡಗಿದ್ದನ್ನು ಪ್ರಕಟಿಸಿದ್ದರು. ಅವರಿಗೆ 1929ರಲ್ಲಿ ನೊಬೆಲ್ ಬಂತು. ಇಲಿಗಳಿಗೆ ಏನೂ ಬರಲಿಲ್ಲ.

ಈ ಕಥೆಯಲ್ಲಿ ನಮಗೂ ಒಂದು ಪಾಲಿದೆ, ಅದೂ ಹತ್ತಿರದಲ್ಲೇ. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ಸೇನಾ ವೈದ್ಯರು 1920ರ ದಶಕದಲ್ಲಿ ಒಂದು ವಿಚಿತ್ರ ಪಂಕ್ತಿಭೋಜನ ನಡೆಸಿದರು. ಒಂದೇ ವಯಸ್ಸಿನ, ಒಂದೇ ತೂಕದ ಇಲಿಮರಿಗಳನ್ನು ಗುಂಪು ಮಾಡಿ, ಒಂದೊಂದು ಗುಂಪಿಗೆ ದೇಶದ ಒಂದೊಂದು ಜನರ ಊಟ ಬಡಿಸಿದರು. ಸಿಖ್ಖರದು ಒಂದು, ಪಠಾಣರದು ಒಂದು, ಹಾಗೆಯೇ ಮರಾಠರು, ಗೂರ್ಖರು, ಕನ್ನಡಿಗರು, ಬಂಗಾಳಿಗಳು, ಮದರಾಸಿಗಳು. ದಿನಗಳು ಕಳೆದಮೇಲೆ ತೂಗಿದಾಗ ಇಲಿಗಳು ಸಾಲಾಗಿ ನಿಂತದ್ದೂ ಈಗ ಹೇಳಿದ ಕ್ರಮದಲ್ಲೇ. ಸಿಖ್ಖರ ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಕಾಳು, ಹಸಿ ತರಕಾರಿ ಉಂಡವು ಮೊದಲು. ಪಾಲಿಶ್ ಅಕ್ಕಿಯನ್ನೇ ನೆಚ್ಚಿದ ಮದರಾಸಿನ ಊಟದವು ಕೊನೆಗೆ. ಕನ್ನಡಿಗರ ಊಟ ಉಂಡ ಇಲಿಗಳಿಗೆ ಐದನೇ ಸ್ಥಾನ.

ಕನ್ನಡಿಗರ ಊಟ ಅಂತ ಒಂದೇ ಇದೆಯೇ ಅಂತ ಯಾರಾದರೂ ಕೇಳಬಹುದು, ಕೇಳಲೇಬೇಕು. ಮಂಡ್ಯದ ಮುದ್ದೆ, ಬಿಜಾಪುರದ ರೊಟ್ಟಿ, ಉಡುಪಿಯ ಕುಚಲಕ್ಕಿ ಗಂಜಿ ಒಂದೇ ತಟ್ಟೆಗೆ ಬರುವಂಥವಲ್ಲ. ಇಡೀ ಜನಾಂಗದ ಮೈಕಟ್ಟನ್ನು ಒಂದು ಪಂಜರದ ಲೆಕ್ಕದಲ್ಲಿ ಅಳೆಯುವ ಆ ಕಾಲದ ಚಪಲವೂ ಅದರಲ್ಲಿದೆ. ಆದರೆ ಇಲಿಯ ಮಟ್ಟಿಗೆ ಆ ಪ್ರಯೋಗ ಹೇಳಿದ್ದು ಸುಳ್ಳಾಗಲಿಲ್ಲ: ತವುಡು ತೆಗೆಯದ ಧಾನ್ಯ, ಮೊಳಕೆಕಾಳು, ಸೊಪ್ಪು ತರಕಾರಿ, ಒಂದಿಷ್ಟು ಹಾಲು ಅಥವಾ ಮಾಂಸ. ಮೆಕ್ಯಾರಿಸನ್ ತಮ್ಮ ಪ್ರಯೋಗಾಲಯದ ಸಾವಿರಕ್ಕೂ ಹೆಚ್ಚು ಇಲಿಗಳನ್ನು ಚಪಾತಿ, ಬೆಣ್ಣೆ, ಮೊಳಕೆ ಕಡಲೆ, ಹಸಿ ಕ್ಯಾರೆಟ್ಟು, ಎಲೆಕೋಸು, ಹಾಲು, ವಾರಕ್ಕೊಮ್ಮೆ ಮೂಳೆಸಹಿತ ಸ್ವಲ್ಪ ಮಾಂಸ, ಇಷ್ಟರಲ್ಲೇ ಎರಡು ವರ್ಷಕ್ಕೂ ಮಿಕ್ಕಿ ಕಾಯಿಲೆ ಇಲ್ಲದೆ ಸಾಕಿದರು. ಇನ್ನೊಂದು ಗುಂಪಿಗೆ ಇಂಗ್ಲೆಂಡಿನ ಬಡ ಕಾರ್ಮಿಕರ ಊಟ ಹಾಕಿದರು: ಮೈದಾ ಬ್ರೆಡ್ಡು, ಮಾರ್ಗರಿನ್, ಸಕ್ಕರೆ ಹಾಕಿದ ಚಹಾ, ಜಾಮು, ಡಬ್ಬಿಯ ಮಾಂಸ. ಆ ಇಲಿಗಳು ಬಡಕಲಾದವು, ಸಿಡುಕತೊಡಗಿದವು, ಕೊನೆಗೆ ಒಂದನ್ನೊಂದು ಕೊಂದು ತಿಂದವು. ನಮ್ಮ ಮನೆಗಳಲ್ಲಿ ಸಾಕಿದ ಇಲಿಗೆ ಬೀಳುತ್ತಿರುವ ಬಿಸ್ಕತ್ತು, ಬ್ರೆಡ್ಡು, ಕೇಕು ಇದರ ಹತ್ತಿರದ ನೆಂಟರೇ.

ಕೂನೂರಿನ ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು. ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ಅಷ್ಟರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ, 1950ರಲ್ಲಿ, ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಶುರುವಾಗಿತ್ತು. ಮುಕ್ಕಾಲು ಪಾಲು ಕಡಲೆಕಾಯಿ ಹಿಂಡಿಯ ಹಿಟ್ಟು, ಕಾಲು ಪಾಲು ಹುರಿಗಡಲೆ ಹಿಟ್ಟು ಬೆರೆಸಿ ವಿಟಮಿನ್, ಸುಣ್ಣದಂಶ ಸೇರಿಸಿದ ಬಹೂಪಯೋಗಿ ಆಹಾರವನ್ನು ಬಡ ಮಕ್ಕಳಿಗೆ ಅಂತ ಅಲ್ಲಿ ತಯಾರಿಸಿದರು. ಇಂಥದ್ದನ್ನೆಲ್ಲ ಮೊದಲು ರುಚಿ ನೋಡುತ್ತಿದ್ದದ್ದು ಮೈಸೂರಿನ ಬಿಳಿ ಇಲಿಗಳು. ಒಂದು ಗ್ರಾಂ ಪ್ರೋಟೀನ್ ತಿಂದರೆ ಇಲಿಮರಿ ಎಷ್ಟು ಗ್ರಾಂ ತೂಕ ಏರುತ್ತದೆ ಅನ್ನುವ ಲೆಕ್ಕವೇ ಆಗ ಪ್ರೋಟೀನಿಗೆ ಅಳತೆಗೋಲು. ಹಾಲಿನ ಕೇಸಿನ್‌ಗೆ ಅದು ಎರಡೂವರೆ.

ಬಟ್ಟಲಲ್ಲಿ ಏನಿರಬೇಕು

ಈಗ ಅಡುಗೆಮನೆಗೆ ಬರೋಣ. ದೊಡ್ಡ ಇಲಿಯೊಂದಕ್ಕೆ ದಿನಕ್ಕೆ ಬೇಕಾದ ಒಣ ಆಹಾರ 15ರಿಂದ 20 ಗ್ರಾಂ, ಸುಮಾರು ಎರಡು ಊಟದ ಚಮಚ. ಅಷ್ಟೇ. ಪ್ರಯೋಗಾಲಯದವರು 1993ರಲ್ಲಿ ಒಪ್ಪಿಕೊಂಡ ಸೂತ್ರದಲ್ಲಿ ಬೆಳೆಯುವ ಮರಿಗೆ ನೂರಕ್ಕೆ 20 ಪಾಲು ಕೇಸಿನ್, 7 ಪಾಲು ಎಣ್ಣೆ. ಬೆಳೆದ ಇಲಿಗೆ 14 ಪಾಲು ಕೇಸಿನ್, 4 ಪಾಲು ಎಣ್ಣೆ. ಮನೆಯಲ್ಲಿ ಯಾರೂ ಕೇಸಿನ್ ತೂಗುವುದಿಲ್ಲ. ಆದರೆ ಅದರಿಂದ ಒಂದು ದಾರಿ ಗೊತ್ತಾಗುತ್ತದೆ: ಮರಿಗೆ ಕಾಳು, ಮೊಟ್ಟೆ ಜಾಸ್ತಿ, ವಯಸ್ಸಾದಂತೆ ಧಾನ್ಯ, ಸೊಪ್ಪು ಜಾಸ್ತಿ, ಜಿಡ್ಡು ಕಡಿಮೆ.

ಧಾನ್ಯದಲ್ಲಿ ನಾನು ರಾಗಿಗೇ ಮೊದಲ ಮಣೆ ಹಾಕುತ್ತೇನೆ. ಇದು ಹಳೇ ಮೈಸೂರಿನವನ ಪಕ್ಷಪಾತ ಅಂದುಕೊಂಡರೂ ಪರವಾಗಿಲ್ಲ. 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ ಸುಮಾರು 350 ಮಿಲಿಗ್ರಾಂ. ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಇಲಿಯ ಬಾಚಿಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತದೆ, ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು. ಅದಕ್ಕೆ ಸುಣ್ಣದಂಶ ಬೇಡವೇ? ಹಾಗಂತ ರಾಗಿಯೊಂದೇ ಸಾಲದು. ನವಣೆ, ಸಾಮೆ, ಜೋಳ, ಗೋಧಿ ನುಚ್ಚು, ಓಟ್ಸ್ ಇವನ್ನೆಲ್ಲ ಬೆರೆಸಿ ಡಬ್ಬಿ ತುಂಬಿಟ್ಟರೆ ತಿಂಗಳ ಚಿಂತೆ ಇಲ್ಲ. ಮುದ್ದೆ ಮಾಡಿದ ದಿನ ಹೆಬ್ಬೆರಳಿನಷ್ಟು ತುಂಡು ಸಾಕು. ಆದರೆ ಬಿಸಿ ಆರಿ ಸ್ವಲ್ಪ ಗಟ್ಟಿಯಾಗಲಿ. ಅಂಟಂಟಾದದ್ದು ಇಲಿಯ ಗಂಟಲಿಗೆ ಒಳ್ಳೆಯದಲ್ಲ, ಕಾರಣ ಮುಂದೆ ಹೇಳುತ್ತೇನೆ.

ಕಾಳಿನಲ್ಲಿ ಹೆಸರುಕಾಳಿನ ಮೊಳಕೆ ಹಸಿಯಾಗಿಯೇ ನಡೆಯುತ್ತದೆ. ಹುರುಳಿ, ಕಡಲೆ ಬೇಯಿಸಿ ಕೊಟ್ಟರೆ ಕ್ಷೇಮ. ಅವರೆ, ಸೋಯಾ, ರಾಜ್ಮಾ ಹಸಿಯಾಗಿ ಬೇಡವೇ ಬೇಡ. 1917ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಆಸ್ಬೋರ್ನ್ ಮತ್ತು ಮೆಂಡೆಲ್ ಹಸಿ ಸೋಯಾ ಹಾಕಿದ ಇಲಿಗಳು ಬೆಳೆಯದೆ ನಿಂತದ್ದನ್ನೂ, ಅದೇ ಕಾಳನ್ನು ಬೇಯಿಸಿ ಹಾಕಿದಾಗ ಚೆನ್ನಾಗಿ ಬೆಳೆದದ್ದನ್ನೂ ಕಂಡರು. ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ವಸ್ತು ಹಸಿ ಕಾಳಿನಲ್ಲಿರುತ್ತದೆ, ಬೆಂಕಿಗೆ ಅದು ಸಾಯುತ್ತದೆ. ಡಿಸೆಂಬರಿನಲ್ಲಿ ಬೀದಿ ತುಂಬ ಸೊನೆ ಅವರೆಯ ಘಮ ಬಂದಾಗ ಇಲಿಗೂ ನಾಲ್ಕು ಹಿತಕಿದ ಬೇಳೆ ಇರಲಿ. ಬೆಂದದ್ದು, ಸಪ್ಪೆಯಾದದ್ದು.

ಸಪ್ಪೆ ಅನ್ನುವುದೇ ಇಡೀ ವಿಷಯದ ಕೀಲಿ. ಆ ಹುಡುಗಿಯ ಮನೆಯಲ್ಲಿ ಈಗ ಬೇಳೆ ಬೆಂದ ಕೂಡಲೇ, ಉಪ್ಪು, ಹುಳಿ, ಸಾರಿನ ಪುಡಿ ಬೀಳುವ ಮುಂಚೆ, ಒಂದು ಚಮಚ ಬೇರೆ ಬಟ್ಟಲಿಗೆ ಹೋಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬೀಳುವುದಕ್ಕೂ ಮುಂಚೆ. ಒಗ್ಗರಣೆ ಆದಮೇಲೆ ನೆನಪಾದರೆ ಆವತ್ತು ಇಲ್ಲ. ನಾನು ಹೋದ ಸಂಜೆ ಮೊಟ್ಟೆ ಬೇಯಿಸಿ ನಾಲ್ಕು ಪಾಲು ಮಾಡುತ್ತಿದ್ದಳು. ಅಜ್ಜಿ ಹೊಸಿಲ ಬಳಿ ಕೂತು, ‘ನೋಡೇ, ನಿಮ್ಮಪ್ಪ ಚಿಕ್ಕೋನಿದ್ದಾಗ ಒಂದು ಮೊಟ್ಟೆ ಮೂರು ಜನಕ್ಕೆ ಹಂಚ್ತಿದ್ದೆ. ಈಗ ಇಲಿಗೆ ಹಂಚ್ತಿದೀಯ’ ಅಂದರು. ‘ಅಜ್ಜಿ, ವಾರಕ್ಕೆ ಎರಡೇ ಸಲ’ ಅಂತ ಇವಳು. ಅಜ್ಜಿ ಮತ್ತೇನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ತಾವೇ ಎದ್ದು ಸೀಮೆಬದನೆಯ ಸಿಪ್ಪೆ ಹೆರೆದು ಒಂದು ಹೋಳು ಕೊಟ್ಟರು.

ಎಳ್ಳು ಆ ಮೊಟ್ಟೆ ತಿಂದ ರೀತಿಯನ್ನು ನೋಡಬೇಕಿತ್ತು. ಹಿಂಗಾಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಲ್ಲಿ ತುಂಡು ಹಿಡಿದು, ಮೊದಲು ಹಳದಿಯನ್ನು ಸುತ್ತಲಿಂದ ಕೆರೆದು ಮುಗಿಸಿತು. ಬಿಳಿಯನ್ನು ತಿರುಗಿಸಿ ಮೂಸಿತು. ಬೆರಳ ತುದಿಗೆ ಅಂಟಿದ ಹಳದಿಯನ್ನು ನೆಕ್ಕಿ, ಮೀಸೆ ಒರೆಸಿಕೊಂಡು, ಬಿಳಿಯ ತುಂಡನ್ನು ಬಾಯಲ್ಲಿ ಕಚ್ಚಿ ಹಳೇ ಬಟ್ಟೆಯ ಜೋಲಿಯೊಳಗೆ ಒಯ್ದು ಅಡಗಿಸಿತು. ಹೀಗೆ ಕೂಡಿಡುವುದು ಇಲಿಯ ಹುಟ್ಟುಗುಣ. ಅದಕ್ಕೇ ಮೊಟ್ಟೆ, ಮೊಸರು, ಬೆಂದ ತರಕಾರಿ ಕೊಟ್ಟ ರಾತ್ರಿ ಮಲಗುವ ಮುಂಚೆ ಗೂಡು ತಡವಿ ಹಳಸುವಂಥದ್ದನ್ನು ತೆಗೆಯಬೇಕು. ಒಣಧಾನ್ಯ ಕೂಡಿಟ್ಟರೆ ಇಟ್ಟುಕೊಳ್ಳಲಿ ಬಿಡಿ, ಅದರ ಆಸ್ತಿ.

ಮೊಟ್ಟೆ ಒಳಗೆ ಬಾರದ ಮನೆಗಳು ಬಸವೇಶ್ವರನಗರ, ರಾಜಾಜಿನಗರಗಳಲ್ಲಿ ಬೇಕಾದಷ್ಟಿವೆ. ಅಲ್ಲಿ ಒಂದು ಚಮಚ ಮೊಸರು, ಚೂರು ಪನೀರು ಆ ಜಾಗ ತುಂಬುತ್ತವೆ. ಬಿ12 ವಿಟಮಿನ್ ಗಿಡದಿಂದ ಬರುವುದಿಲ್ಲ. ಇಲಿ ತನ್ನದೇ ಹಿಕ್ಕೆಯನ್ನು ಒಂದಿಷ್ಟು ತಿಂದು ಕರುಳಿನ ಸೂಕ್ಷ್ಮಜೀವಿಗಳು ಮಾಡಿದ ವಿಟಮಿನ್ನುಗಳನ್ನು ವಾಪಸು ಪಡೆಯುತ್ತದೆ. ನೋಡಿದರೆ ಅಸಹ್ಯ, ಇಲಿಗೆ ಅದು ಆರೋಗ್ಯ. ಸಿ ವಿಟಮಿನ್ ಅನ್ನು ಮೈಯಲ್ಲೇ ತಯಾರಿಸಿಕೊಳ್ಳುತ್ತದೆ, ನಮ್ಮ ಹಾಗೆ ನಿಂಬೆಹಣ್ಣಿಗೆ ಕಾಯಬೇಕಿಲ್ಲ.

ಸೊಪ್ಪು ತರಕಾರಿಯಲ್ಲಿ ಚಿಂತೆ ಕಡಿಮೆ. ದಂಟು, ಮೆಂತ್ಯ, ನುಗ್ಗೆ, ಕೊತ್ತಂಬರಿ, ಸೌತೆ, ಹೀರೆ, ಕ್ಯಾರೆಟ್, ನವಿಲುಕೋಸು, ಕುಂಬಳ, ಸಂಜೆ ತಳ್ಳುಗಾಡಿಯಲ್ಲಿ ಸಿಗುವುದರಲ್ಲಿ ದಿನಕ್ಕೆರಡು ಬದಲಾಯಿಸುತ್ತ ಹೋದರೆ ಸಾಕು. ಪಾಲಕ್‌ನಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಕಟ್ಟಿಹಾಕುತ್ತದೆ, ಹಾಗಾಗಿ ಅಪರೂಪಕ್ಕೆ. ಇಷ್ಟು ಸಣ್ಣ ಮೈಗೆ ಔಷಧಿ ಹೊಡೆದ ಸೊಪ್ಪು ಬೇಗ ತಾಗುತ್ತದೆ. ಎರಡು ನೀರಲ್ಲಿ ತೊಳೆಯಿರಿ.

ಪೆಟ್ ಶಾಪ್‌ಗಳಲ್ಲಿ ಬಣ್ಣಬಣ್ಣದ ತಿಂಡಿ ಪೊಟ್ಟಣಗಳು ಸಿಗುತ್ತವೆ, ಹೆಚ್ಚಿನವು ಹ್ಯಾಮ್‌ಸ್ಟರ್‌ಗೆಂದು ಮಾಡಿದವು. ಇಲಿ ಅದರೊಳಗಿನ ಸೂರ್ಯಕಾಂತಿ ಬೀಜವನ್ನಷ್ಟೇ ಆರಿಸಿ ತಿಂದು ಮಿಕ್ಕದ್ದನ್ನು ಒದೆಯುತ್ತದೆ. ಬಟ್ಟಲು ಖಾಲಿಯಾಯಿತೆಂದು ನೀವು ಮತ್ತೆ ತುಂಬಿದರೆ ಅದು ಮತ್ತೆ ಬೀಜವನ್ನೇ ಆರಿಸುತ್ತದೆ. ಮಿಶ್ರಣ ಯಾವುದೇ ಇರಲಿ, ಹಾಕಿದ್ದು ಮುಗಿಯುವತನಕ ಹೊಸದು ಹಾಕಬಾರದು.

ವಾಂತಿ ಮಾಡಲಾರದ ಪ್ರಾಣಿ

ಇಲಿಗೆ ವಾಂತಿ ಬರುವುದಿಲ್ಲ. ಅದರ ಹೊಟ್ಟೆ, ಗಂಟಲು, ಮಿದುಳಿನ ಏರ್ಪಾಟೇ ಹಾಗೆ. ಒಳಗೆ ಹೋದದ್ದು ಬಾಯಿಗೆ ವಾಪಸು ಬಾರದು. ಅಂಟು ಪದಾರ್ಥ ಸಿಕ್ಕಿಕೊಂಡರೆ ಉಗಿಯಲಾಗದೆ ಒದ್ದಾಡುತ್ತದೆ. ಪೀನಟ್ ಬಟರ್ ಚಮಚದಲ್ಲಿ ಕೊಡಬೇಡಿ, ಹಲ್ವ, ಜಿಗುಟು ಮಿಠಾಯಿ ಕೊಡಬೇಡಿ ಅನ್ನುವುದು ಇದಕ್ಕೇ. ಸೋಡಾ, ಕೋಲಾ ದೂರವಿಡಿ ಅನ್ನುವುದೂ ಇದಕ್ಕೇ.

ವಾಂತಿ ಮಾಡಲಾಗದ ಪ್ರಾಣಿ ಬದುಕಬೇಕಾದರೆ ಬಾಯಿಗಿಡುವ ಮುಂಚೆಯೇ ಹುಷಾರಾಗಿರಬೇಕು. ಹಾಗಾಗಿ ಹೊಸ ತಿಂಡಿ ಕಂಡರೆ ಇಲಿಗೆ ಅನುಮಾನ. ಚೂರು ರುಚಿ ನೋಡುತ್ತದೆ, ಕಾಯುತ್ತದೆ. 1955ರಲ್ಲಿ ಜಾನ್ ಗಾರ್ಸಿಯಾ ಮತ್ತವರ ಸಂಗಡಿಗರು ಸಿಹಿನೀರು ಕುಡಿದ ಇಲಿಗಳಿಗೆ ವಿಕಿರಣದಿಂದ ಸಂಕಟ ಬರಿಸಿದರು. ಆಮೇಲೆ ಆ ಇಲಿಗಳು ಸಿಹಿನೀರಿನ ತಂಟೆಗೇ ಹೋಗಲಿಲ್ಲ. ಪಾಷಾಣ ಇಟ್ಟರೂ ಹೆಗ್ಗಣ ಸಾಯುತ್ತಿಲ್ಲ ಅಂತ ಕುರುಬರಹಳ್ಳಿಯ ಅಂಗಡಿಯವರಿಗೆ ದೂರು ಕೊಡುವವರಿಗೆ ಉತ್ತರ ಇಲ್ಲಿದೆ.

ಸಾಕಿದ ಇಲಿಗೆ ಹೊಸ ಸೊಪ್ಪು ಹಿಡಿಸಬೇಕಾದರೆ ಇದೇ ಗುಣವನ್ನು ಬಳಸಿಕೊಳ್ಳಬಹುದು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಬೆನೆಟ್ ಗೇಲೆಫ್ 1980ರ ದಶಕದಲ್ಲಿ ತೋರಿಸಿದಂತೆ ಇಲಿ ಇನ್ನೊಂದು ಇಲಿಯ ಬಾಯಿ ಮೂಸಿ ಅದು ಏನು ತಿಂದಿದೆ ಎಂದು ತಿಳಿಯುತ್ತದೆ, ಮರುಹೊತ್ತು ಅದನ್ನೇ ಆರಿಸುತ್ತದೆ. ಎರಡರಲ್ಲಿ ಧೈರ್ಯವಂತೆ ಯಾರು ನೋಡಿ, ಮೆಂತ್ಯಸೊಪ್ಪು ಮೊದಲು ಅವಳಿಗೆ ಕೊಡಿ. ಇನ್ನೊಂದು ಬಂದು ಮೂತಿಗೆ ಮೂತಿ ತಾಗಿಸುತ್ತದೆ. ಉಳಿದದ್ದು ತಾನಾಗಿ ಆಗುತ್ತದೆ. ಇಲಿಯನ್ನು ಒಂಟಿಯಾಗಿ ಸಾಕಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

ಬೇಡದ ಪಟ್ಟಿಯಲ್ಲಿ ಎರಡನ್ನು ಬಿಡಿಸಿ ಹೇಳಬೇಕು. ಒಂದು, ಕಿತ್ತಳೆ, ಮೂಸಂಬಿಗಳ ಸಿಪ್ಪೆ. ಅದರ ಘಮಕ್ಕೆ ಕಾರಣವಾದ ಲಿಮೋನೀನ್ ಗಂಡಿಲಿಯ ಮೂತ್ರಪಿಂಡದಲ್ಲಿ ಗಡ್ಡೆ ಬೆಳೆಸುತ್ತದೆ ಅಂತ 1990ರಲ್ಲಿ ಅಮೆರಿಕದ ಸರ್ಕಾರಿ ಪರೀಕ್ಷೆಯೊಂದು ಹೇಳಿತು. ಸೋಜಿಗ ಏನೆಂದರೆ ಹೆಣ್ಣಿಲಿಗೆ ಹಾಗಾಗಲಿಲ್ಲ, ಮನುಷ್ಯರಿಗೂ ಆ ದಾರಿಯಲ್ಲಿ ಅಪಾಯವಿಲ್ಲ. ಗಂಡಿಲಿ ತಯಾರಿಸುವ ಒಂದು ಪ್ರೋಟೀನಿನ ಕಿತಾಪತಿ ಅದು. ಗಂಡು ಸಾಕಿದವರು ಜ್ಯೂಸ್ ಅಂಗಡಿಯ ಸಿಪ್ಪೆಯನ್ನು ಪಂಜರದ ಹತ್ತಿರ ತರದಿದ್ದರೆ ಆಯಿತು.

ಎರಡನೆಯದು ಕಡಲೆಕಾಯಿ, ಅದೂ ಮುಗ್ಗು ಹಿಡಿದದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯ ಬೂಷ್ಟು, ಅದು ಬಿಟ್ಟ ವಿಷ. ಅಫ್ಲಟಾಕ್ಸಿನ್ ಎಂಬ ಹೆಸರು ಬಂದದ್ದು ಆಗ. ಇಲಿಯ ಪಿತ್ತಜನಕಾಂಗಕ್ಕೆ ಅದು ಕ್ಯಾನ್ಸರ್ ತರಿಸುವುದು ಎಷ್ಟೋ ಪ್ರಯೋಗಗಳಲ್ಲಿ ಕಂಡಿದೆ. ಕಡಲೆಕಾಯಿ ಪರಿಷೆಯಿಂದ ತಂದ ಕಾಯಲ್ಲಿ ಮನೆಮಂದಿ ಸುಲಿದು ‘ಇದು ಕಹಿ’ ಅಂತ ಬಿಸಾಡುವ ಬೀಜ ಇಲಿಗೆ ಹೋಗಬಾರದು. ನಮಗೆ ಬೇಡವಾದದ್ದು ಅದಕ್ಕೂ ಬೇಡ. ಒಳ್ಳೆಯ ಕಾಯಾದರೂ ದಿನಕ್ಕೆ ಒಂದು, ಅದೂ ಸಿಪ್ಪೆ ಸಮೇತ. ಬಿಡಿಸುವ ಕೆಲಸದಲ್ಲಿ ಹಲ್ಲೂ ಸವೆಯುತ್ತದೆ, ಹೊತ್ತೂ ಹೋಗುತ್ತದೆ.

ಸಿಹಿಯ ವಿಷಯಕ್ಕೆ ಬಂದರೆ ಮೂಷಿಕನ ನೆಪ ಹೇಳುವವರಿದ್ದಾರೆ. ಪಕ್ಕದಲ್ಲೇ ಶಕ್ತಿ ಗಣಪತಿ ನಗರ ಇರುವಾಗ ಹೇಳದೆ ಇರುತ್ತಾರೆಯೇ? ಚೌತಿಯ ದಿನ ಕಡಲೆಗಾತ್ರದ ಮೋದಕದ ಹೂರಣ ಕೊಡಿ, ಯಾರೂ ಬೇಡ ಅನ್ನುವುದಿಲ್ಲ. ವರ್ಷವಿಡೀ ಚೌತಿ ಮಾಡಬೇಡಿ. 1935ರಲ್ಲಿ ಕಾರ್ನೆಲ್‌ನ ಕ್ಲೈವ್ ಮೆಕೇ ಮತ್ತು ಸಂಗಡಿಗರು, ಪೋಷಕಾಂಶ ಕಡಿಮೆ ಮಾಡದೆ ಕ್ಯಾಲೊರಿಯನ್ನು ಮಾತ್ರ ಬಿಗಿಹಿಡಿದಾಗ ಇಲಿಗಳು ಹೆಚ್ಚು ಕಾಲ ಬದುಕುವುದನ್ನು ಪ್ರಕಟಿಸಿದರು. ಸಾಕಿದ ಹೆಣ್ಣಿಲಿಗಳಲ್ಲಿ ಮೊಲೆಯ ಗಡ್ಡೆ ತೀರಾ ಸಾಮಾನ್ಯ, ಮಿತಿಮೀರಿ ತಿಂದು ಕೊಬ್ಬಿದವಕ್ಕೆ ಅದು ಇನ್ನಷ್ಟು. ಹೆಣ್ಣು 250ರಿಂದ 350 ಗ್ರಾಂ, ಗಂಡು 400ರಿಂದ 600 ಗ್ರಾಂ ತೂಗಿದರೆ ಸರಿ. ರವೆ ತೂಕ ಇಳಿಸಿಕೊಂಡದ್ದು ಪಟ್ಟು ಹಿಡಿದ ಪಥ್ಯದಿಂದಲ್ಲ. ಬಟ್ಟಲನ್ನೇ ತೆಗೆದು ಧಾನ್ಯವನ್ನು ಹರಿದ ಕಾಗದ, ರಟ್ಟಿನ ಪೆಟ್ಟಿಗೆ, ತೆಂಗಿನ ಚಿಪ್ಪುಗಳ ನಡುವೆ ಚೆಲ್ಲಿ, ಹುಡುಕಿ ತಿನ್ನು ಅಂತ ಬಿಟ್ಟಳು ಹುಡುಗಿ. ಇಲಿ ಸಂಜೆಯ ಮೇಲೆ ಎಚ್ಚರವಾಗುವ ಪ್ರಾಣಿ, ಚೆಲ್ಲುವುದು ದೀಪ ಹಚ್ಚುವ ಹೊತ್ತಿಗೆ. ನೀರು ಮಾತ್ರ ಹಗಲು ರಾತ್ರಿ ಇರಬೇಕು, ಮೈತೂಕದ 100 ಗ್ರಾಂಗೆ ದಿನಕ್ಕೆ ಸುಮಾರು 10 ಮಿಲಿಲೀಟರ್ ಕುಡಿಯುತ್ತದೆ.

ಇನ್ನು ಕಾಲುವೆಯ ಇಲಿಗಳ ಮಾತು. ಸಾಕಿದ ಇಲಿ ಯುರೋಪಿನ ಕಂದು ಇಲಿಯ ಸಂತತಿ. ಲಂಡನ್ನಿನಲ್ಲಿ ಇಲಿ ಹಿಡಿಯುತ್ತಿದ್ದ ಜ್ಯಾಕ್ ಬ್ಲ್ಯಾಕ್ ಎಂಬುವನು ಬಣ್ಣದ ಇಲಿಗಳನ್ನು ಕೊಲ್ಲದೆ ಸಾಕಿ ಮಾರಿದ. 1901ರಲ್ಲಿ ಮೇರಿ ಡಗ್ಲಸ್ ಎಂಬಾಕೆ ಏಲ್ಸ್‌ಬರಿಯ ಪ್ರದರ್ಶನಕ್ಕೆ ಇಲಿಗಳನ್ನು ಇಟ್ಟು ಬಹುಮಾನ ಗೆದ್ದಳು. ಬೀದಿಯ ಹೆಗ್ಗಣಕ್ಕೂ ಇದಕ್ಕೂ ದೂರದ ನಂಟು. ಆದರೆ ರೋಗ ನಂಟು ನೋಡುವುದಿಲ್ಲ. ಬೀದಿ ಇಲಿಯ ಮೂತ್ರ ಬಿದ್ದ ಧಾನ್ಯದಿಂದ ಇಲಿ ಜ್ವರದ ಸೋಂಕು ಸಾಕಿದ ಇಲಿಗೆ, ಅದರಿಂದ ನಿಮಗೆ ತಾಗಬಹುದು. ಇಲಿಯ ದಿನಸಿ ಸ್ಟೀಲ್ ಡಬ್ಬಿಯಲ್ಲಿರಲಿ, ಚೀಲದಲ್ಲಲ್ಲ. ಚೆಲ್ಲಿದ ಕಾಳು ರಾತ್ರಿ ಬಾಲ್ಕನಿಯಲ್ಲಿ ಉಳಿದರೆ ಹೆಗ್ಗಣಕ್ಕೆ ನೀವೇ ಕರೆಯೋಲೆ ಕಳಿಸಿದ ಹಾಗೆ. ಸಾಕಿದ ಇಲಿ ಇರುವ ಮನೆಯಲ್ಲಿ ಪಾಷಾಣದ ಬಿಲ್ಲೆ ಇರಲೇಬಾರದು. ಹೊರಗೆ ಓಡಾಡಲು ಬಿಟ್ಟ ಹತ್ತೇ ನಿಮಿಷ ಸಾಕು ಅದಕ್ಕೆ ಸಿಗಲು. ಪಂಜರ ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆದೇ ಅಡುಗೆಮನೆಗೆ ಹೋಗಿ.

ಒಂದು ಇಲಿಗೆ ದಿನಕ್ಕೆ ಆಗುವ ಖರ್ಚು ಒಂದು ಕಪ್ ಕಾಫಿಗಿಂತ ಕಡಿಮೆ. ಬೇಕಾದದ್ದು ದುಡ್ಡಲ್ಲ, ಒಗ್ಗರಣೆಗೆ ಮುಂಚೆ ನೆನಪು. ಅಷ್ಟು ನೆನಪಿಡಲು ಆಗದವರು ಇಲಿ ತರಬೇಡಿ. ತರುವುದಾದರೆ ಎರಡು ತನ್ನಿ. ಒಂದು ಗಂಡು ಒಂದು ಹೆಣ್ಣು ಮಾತ್ರ ಬೇಡ, ಮೂರು ವಾರಕ್ಕೆ ಹತ್ತಾಗುತ್ತವೆ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಒಂದೇ ವಾರದಲ್ಲಿ ತೂಕದ ಹತ್ತನೇ ಒಂದು ಭಾಗ ಇಳಿದರೆ, ಮೂಗಿನ ಸುತ್ತ ಕೆಂಪು ಕಲೆ ಕಂಡರೆ, ಇಷ್ಟದ ತಿಂಡಿಯನ್ನೂ ಮೂಸಿ ಬಿಟ್ಟರೆ ಮನೆಮದ್ದು ಮಾಡುತ್ತ ಕೂರಬೇಡಿ. ಸಣ್ಣ ಪ್ರಾಣಿಗಳನ್ನು ನೋಡುವ ವೈದ್ಯರನ್ನು ಮೊದಲೇ ವಿಚಾರಿಸಿಟ್ಟುಕೊಂಡು ಆವತ್ತೇ ಕರೆದೊಯ್ಯಿರಿ. ಇಲಿಯ ಆಯಸ್ಸು ಎರಡರಿಂದ ಮೂರು ವರ್ಷ; ನಾಳೆ ನೋಡೋಣ ಅನ್ನುವಷ್ಟು ಸಮಯ ಅದಕ್ಕಿಲ್ಲ.